ಟ್ಯಾಂಕಿಗೆ ಪಿಎಚ್ ಪೆನ್ ಅದ್ದುವ ಮೊದಲು

ಟೆರೇಸಿನ ಮೇಲೆ ಹೈಡ್ರೋಪೋನಿಕ್ಸ್ (ಮಣ್ಣಿಲ್ಲದೆ ಗೊಬ್ಬರ ಕಲಸಿದ ನೀರಿನಲ್ಲೇ ಬೆಳೆಯುವುದು) ಮಾಡುವ ಗೆಳೆಯರು 'ಎಲೆ ಹಳದಿ ಆಗ್ತಿದೆ' ಎಂದು ಕರೆಯುತ್ತಾರೆ. ಹೋಗಿ ನೋಡಿದರೆ ಗೊಬ್ಬರ ಸರಿಯಾಗೇ ಇರುತ್ತದೆ. ನೀರಿನ ಹುಳಿ ಎಷ್ಟೆಂದು ಅಳೆಯುವ ಪಿಎಚ್ ಪೆನ್ನಿನ ಮುಚ್ಚಳ ತೆಗೆದು, ಟ್ಯಾಂಕಿಗೆ ಅದ್ದಿ, ಎರಡು ಸೆಕೆಂಡಿನಲ್ಲಿ ಕಂಡ ಅಂಕಿಯನ್ನೇ ನಂಬಿ ಆಸಿಡ್ ಸುರಿದಿರುತ್ತಾರೆ.

ಪಿಎಚ್ 7 ಎಂದರೆ ಸಮ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಸೊಪ್ಪಿಗೆ ಬೇಕಾದ ಪಿಎಚ್ 5.5ರಿಂದ 6.5. ಅದಕ್ಕಿಂತ ಜಾಸ್ತಿಯಾದರೆ ನೀರಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸರಿಯಾಗಿ ಸಿಗುವುದಿಲ್ಲ, ಹೊಸ ಎಲೆಗಳೇ ಮೊದಲು ಬಿಳಿಚಿಕೊಳ್ಳುತ್ತವೆ. ಪಿಎಚ್‌ನಲ್ಲಿ ಒಂದು ಅಂಕಿ ಎಂದರೆ ಹುಳಿಯಲ್ಲಿ ಹತ್ತು ಪಟ್ಟು ವ್ಯತ್ಯಾಸ. ಅರ್ಧ ಅಂಕಿಯ ತಪ್ಪೂ ಸಣ್ಣದಲ್ಲ.

ಪೆನ್: ಎರಡು ಪಾಯಿಂಟ್ ಕ್ಯಾಲಿಬ್ರೇಶನ್ (ಪಿಎಚ್ ಗೊತ್ತಿರುವ ಎರಡು ದ್ರಾವಣಗಳಿಗೆ ಪೆನ್ನಿನ ಅಂಕಿ ಹೊಂದಿಸುವುದು) ಇರುವುದನ್ನೇ ತನ್ನಿ. ಮಣ್ಣಿಗೆ ಚುಚ್ಚುವ ಎರಡು ಕಡ್ಡಿಯ ಮೀಟರಿಗೆ ದುಡ್ಡು ಹಾಕಬೇಡಿ. 1ರಿಂದ 14ರವರೆಗಿನ ಕಾಗದದ ಪಟ್ಟಿಯಲ್ಲಿ 6 ಯಾವುದು, 6.5 ಯಾವುದು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಕೆಟ್ಟ ಪೆನ್ನಿಗಿಂತ ಬಣ್ಣದ ಹನಿಗಳ ಕಿಟ್ಟೇ ವಾಸಿ.

ಕ್ಯಾಲಿಬ್ರೇಶನ್: ಎಡವುವುದೆಲ್ಲ ಇಲ್ಲೇ. ಪೆನ್ ಒಣಗಿ ಬಂದಿದ್ದರೆ ಅದರ ಗಾಜಿನ ತುದಿಯನ್ನು ಶೇಖರಣಾ ದ್ರಾವಣದಲ್ಲಿ (ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ) ಕೆಲವು ಗಂಟೆ ನೆನೆಸಿ. ಬಫರ್ ಎಂದರೆ ಪಿಎಚ್ ಇಷ್ಟೇ ಎಂದು ಗೊತ್ತಿರುವ ದ್ರಾವಣ. ಅದರ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿ. ಸಾಮಾನ್ಯವಾಗಿ ಆ ನೀರು 250 ಮಿಲಿ. ಇನ್ವರ್ಟರ್ ಬ್ಯಾಟರಿಗೆ ಹಾಕುವ ನೀರು ಸಾಕು. ಪಕ್ಕದಲ್ಲೇ ಬ್ಯಾಟರಿ ಆಸಿಡ್ ಕ್ಯಾನೂ ಇರುತ್ತದೆ, ಲೇಬಲ್ ಓದಿ ಕೊಳ್ಳಿ.

ಮೊದಲು 7ರ ಬಫರ್, ಆಮೇಲೆ 4ರದು. ನಡುವೆ ತುದಿ ತೊಳೆದು ಟಿಶ್ಯೂವಿನಿಂದ ಒತ್ತಿ ನೀರು ತೆಗೆಯಿರಿ, ಉಜ್ಜಬೇಡಿ. ಬಹಳ ಜನ ಗಮನಿಸದ ಒಂದು ವಿಷಯ: ಕೆಲವು ಪೊಟ್ಟಣ 6.86, ಕೆಲವು 7.00. ಪೆನ್ 7.00 ಎಂದು ತಿಳಿದಿದ್ದು ನೀವು 6.86 ಕೊಟ್ಟರೆ, ಶುರುವಿಗೇ 0.14 ತಪ್ಪು. ಪೆನ್ನಿನ ಸೆಟ್ಟಿಂಗಿಗೆ ಹೊಂದುವ ಬಫರನ್ನೇ ಬಳಸಿ. ಸ್ಕ್ರೂ ತಿರುಗಿಸುವ ಹಳೇ ಪೆನ್ ಆದರೆ 7ರಲ್ಲಿ ಸರಿಮಾಡಿ, 4ರಲ್ಲಿ ಪರೀಕ್ಷಿಸಿ. ತೀರಾ ದೂರ ತೋರಿಸಿದರೆ ತುದಿ ಕೆಟ್ಟಿದೆ. 9ರ ಮೇಲಿನ ಬಫರ್ ನಮಗೆ ಬೇಡ. ಬಳಸಿದ ಬಫರನ್ನು ಬಾಟಲಿಗೆ ವಾಪಸ್ ಸುರಿಯಬೇಡಿ, ಚೆಲ್ಲಿ. ತಿಂಗಳಿಗೊಮ್ಮೆ ಸಾಕು ಎನ್ನುವವರಿದ್ದಾರೆ. ವಾರಕ್ಕೊಮ್ಮೆ ಮಾಡಿ ಎಂದೇ ನನ್ನ ಮಾತು.

ನೀರು: ಚಿರೇಕಲ್ಲಿನ ಬಾವಿ ನೀರು ಸಾಮಾನ್ಯವಾಗಿ ಹುಳಿಯ ಕಡೆಗೇ ಇರುತ್ತದೆ. ಸೇದಿದ ಕೂಡಲೇ ಇನ್ನೂ ಕಡಿಮೆ ತೋರಿಸುತ್ತದೆ, ಅದರಲ್ಲಿ ಕಾರ್ಬನ್ ಡೈಆಕ್ಸೈಡ್ ಕರಗಿರುತ್ತದಲ್ವಾ. ಬಕೆಟ್ಟಿನಲ್ಲಿ ರಾತ್ರಿಯಿಡೀ ತೆರೆದಿಟ್ಟರೆ ಅಂಕಿ ಮೇಲೇರುತ್ತದೆ. ಮಳೆನೀರಿನಲ್ಲಿ ಲವಣವೇ ಇಲ್ಲದ ಕಾರಣ ಪೆನ್ ಸುಮ್ನೆ ಓಡಾಡುತ್ತಲೇ ಇರುತ್ತದೆ. ಹಾಗಾಗಿ ಬರೀ ನೀರನ್ನು ಅಳೆದು ಆಸಿಡ್ ಹಾಕಬೇಡಿ. ಗೊಬ್ಬರ ಕಲಸಿ, ಪಂಪ್ ಓಡಿಸಿ, ಅರ್ಧ ಗಂಟೆ ಬಿಟ್ಟು ಅಳೆಯಿರಿ. ಬೇಸಿಗೆಯಲ್ಲಿ ಕಾಳಿ ನದಿಯ ಅಳಿವೆ ಹತ್ತಿರದ ಬಾವಿ ಉಪ್ಪಾದರೆ ಅದನ್ನು ಪಿಎಚ್ ಪೆನ್ ಹೇಳುವುದಿಲ್ಲ. ಅದಕ್ಕೆ ನೀರಿನಲ್ಲಿ ಕರಗಿದ ಲವಣ ತೋರಿಸುವ ಟಿಡಿಎಸ್ ಮೀಟರ್ ಬೇಕು.

ಅಳತೆ: ಲೋಟದಲ್ಲಿ ಮಾದರಿ ತೆಗೆದು, ನೆರಳಿಗೆ ತಂದು, ನಿಧಾನವಾಗಿ ಕಲಕಿ, ಅಂಕಿ ನಿಲ್ಲುವವರೆಗೆ ಕಾಯಿರಿ.

ಪಿಎಚ್ ಇಳಿಸಲು ಫಾಸ್ಫೊರಿಕ್ ಆಸಿಡ್ ಆಧಾರಿತ 'ಪಿಎಚ್ ಡೌನ್' ದ್ರಾವಣ ಬಳಸಿ. ಹನಿ ಹನಿಯಾಗಿ ಹಾಕಿ, ಮತ್ತೆ ಕಲಕಿ, ಮತ್ತೆ ಅಳೆಯಿರಿ. ನಿಂಬೆರಸ ಹಾಕಿದರೆ ಸೂಕ್ಷ್ಮಜೀವಿಗಳು ಅದನ್ನು ತಿಂದು ಪಿಎಚ್ ಮತ್ತೆ ಮೇಲೇರುತ್ತದೆ. ಏರಿಸಲು ಅಡುಗೆ ಸೋಡಾ ಬೇಡ, ಟ್ಯಾಂಕಿನಲ್ಲಿ ಸೋಡಿಯಂ ತುಂಬುತ್ತದೆ.

ಕೆಲಸ ಮುಗಿದ ಮೇಲೆ ತುದಿ ತೊಳೆದು ಮುಚ್ಚಳದಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಹಾಕಿಡಿ. ಸಿಗದಿದ್ದರೆ 4ರ ಬಫರ್ ಆಗುತ್ತದೆ. ಡಿಸ್ಟಿಲ್ಡ್ ವಾಟರಿನಲ್ಲಿ ಮಾತ್ರ ಬೇಡ, ತುದಿ ಬೇಗ ಹಾಳಾಗುತ್ತದೆ. ಹೊಸದಾಗಿ ಕ್ಯಾಲಿಬ್ರೇಟ್ ಮಾಡಿದರೂ ಅಂಕಿ ನಿಲ್ಲಲು ಹಲವು ನಿಮಿಷ ಹಿಡಿದರೆ ತುದಿ ಬದಲಿಸುವ ಕಾಲ ಬಂತು. ಅಗ್ಗದ ಪೆನ್ ಆದರೆ ಪೆನ್ನನ್ನೇ ಬದಲಿಸಿ.