ಹೆವಿ ಲೈಸೆನ್ಸ್‌ಗೆ ತಯಾರಿ: ಪ್ರಶ್ನೆ, ಏರ್, ರಿವರ್ಸ್

ಹೆವಿ, ಅಂದರೆ ಲಾರಿಯಂಥ ಭಾರಿ ಗಾಡಿಯ ಡಿಎಲ್ (ಡ್ರೈವಿಂಗ್ ಲೈಸೆನ್ಸ್) ಟೆಸ್ಟಿನಲ್ಲಿ ಫೇಲಾಗುವವರಲ್ಲಿ ಎರಡು ಬಗೆ. ಕ್ಲೀನರ್ ಕೆಲಸದಿಂದ ಬಂದ ಹುಡುಗರು ಒಂದು ಬಗೆ. ಕಬ್ಬು ತುಂಬಿದ ಲಾರಿಯನ್ನು ಗದ್ದೆ ಬದಿಯಿಂದ ರಸ್ತೆಗೆ ಎತ್ತಿ ತರಬಲ್ಲರು, ಆದರೆ ತ್ರಿಕೋನದ ಬೋರ್ಡಿಗೂ ದುಂಡನೆಯ ಬೋರ್ಡಿಗೂ ಏನು ವ್ಯತ್ಯಾಸ ಎಂದರೆ ತಡವರಿಸುತ್ತಾರೆ. ಕಾರು ಓಡಿಸಿ ಬಂದವರದ್ದು ಇನ್ನೊಂದು ಬಗೆ. ಪ್ರಶ್ನೆಗಳಿಗೆಲ್ಲ ಪಟಪಟನೆ ಉತ್ತರ, ಎಡಕ್ಕೆ ತಿರುಗಿಸುವಾಗ ಮಾತ್ರ ಹಿಂದಿನ ಚಕ್ರ ಮೂಲೆಯ ಕಲ್ಲು ಹತ್ತಿರುತ್ತದೆ. ನೀವು ಯಾವ ಬಗೆ ಎಂದು ನೋಡಿಕೊಂಡು, ಬರದೇ ಇರುವುದಕ್ಕೆ ಮುಕ್ಕಾಲು ಪಾಲು ಸಮಯ ಕೊಡಿ. ಬರುವುದನ್ನೇ ಮತ್ತೆ ಮತ್ತೆ ಮಾಡಿದರೆ ಖುಷಿಯಾಗುತ್ತದೆ, ಅಷ್ಟೇ.

ಮೊದಲು ಅರ್ಹತೆ. ವಯಸ್ಸು 20 ತುಂಬಿರಬೇಕು. ಎಲ್‌ಎಂವಿ (ಕಾರಿನಂಥ ಲಘು ವಾಹನ) ಲೈಸೆನ್ಸ್ ಪಡೆದು ಕನಿಷ್ಠ 1 ವರ್ಷ ಆಗಿರಬೇಕು, ಅದಕ್ಕೆ ಮುಂಚೆ ಹೆವಿಗೆ ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಸಿಗುವುದಿಲ್ಲ. ಎಂಟನೇ ಕ್ಲಾಸ್ ಪಾಸಾಗಿರಬೇಕು ಎಂಬ ನಿಯಮ 2019ರಲ್ಲೇ ಹೋಗಿದೆ, ಇನ್ನೂ ಅದನ್ನೇ ಹೇಳಿ ಹೆದರಿಸುವವರಿದ್ದರೆ ಕಿವಿಗೆ ಹಾಕಿಕೊಳ್ಳಬೇಡಿ. ಒಟ್ಟು ತೂಕ 7,500 ಕೆ.ಜಿ. ಒಳಗಿನ ಸರಕು ಗಾಡಿ ಮಾತ್ರ ಓಡಿಸುವುದಾದರೆ ಎಲ್‌ಎಂವಿ ಡಿಎಲ್ ಸಾಕು ಎಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಆರು ಚಕ್ರ, ಹತ್ತು ಚಕ್ರದ ಲಾರಿ ಹತ್ತುವವರು ಮುಂದೆ ಓದಿ.

ಅರ್ಜಿ ಹಾಕುವುದು ಸರ್ಕಾರದ ಸಾರಥಿ ವೆಬ್‌ಸೈಟಿನಲ್ಲಿ. ನಿಮ್ಮ ವಿಳಾಸ ಯಾವ ಆರ್‌ಟಿಒ ಕಚೇರಿಗೆ ಬರುತ್ತದೆ ನೋಡಿಕೊಳ್ಳಿ. ಮೈಸೂರು, ಮಂಡ್ಯ ಕಡೆಯವರಿಗೆ: ಮೈಸೂರು ಪಶ್ಚಿಮ ಕೆಎ 09, ಪೂರ್ವ ಕೆಎ 55, ಹುಣಸೂರು ಕೆಎ 45, ಮಂಡ್ಯ ಕೆಎ 11, ನಾಗಮಂಗಲ ಕೆಎ 54. ಹೆವಿಗೆ ವಯಸ್ಸು ಎಷ್ಟೇ ಇರಲಿ ಫಾರಂ 1ಎ, ಅಂದರೆ ಡಾಕ್ಟರ್ ಸರ್ಟಿಫಿಕೇಟ್ ಬೇಕು. ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ನಂಬರ್ ಪ್ಲೇಟ್ ಓದಬಲ್ಲಿರಾ, ಕೆಂಪು ಹಸಿರು ಬೇರೆ ಮಾಡಬಲ್ಲಿರಾ, ಇರುಳುಗುರುಡು ಇದೆಯಾ, ಕಿವಿ ಸರಿಯಾಗಿ ಕೇಳುತ್ತದೆಯಾ ಎಂಬುದೆಲ್ಲ ಅದರಲ್ಲಿರುತ್ತದೆ. ಕಣ್ಣಿನ ಬಗ್ಗೆ ಸಂಶಯ ಇದ್ದರೆ ಡ್ರೈವಿಂಗ್ ಸ್ಕೂಲಿಗೆ ದುಡ್ಡು ಕಟ್ಟುವ ಮುಂಚೆಯೇ ತೋರಿಸಿ. ಕನ್ನಡಕ ಹಾಕಿಕೊಂಡರೆ ತಪ್ಪೇನಿಲ್ಲ.

ಎಲ್‌ಎಲ್ ಬಂದ 30 ದಿನದ ಮೇಲೆ ಟೆಸ್ಟ್ ಕೊಡಬಹುದು, 6 ತಿಂಗಳೊಳಗೆ ಮುಗಿಸಬೇಕು. ಟೆಸ್ಟಿಗೆ ಮಾನ್ಯತೆ ಇರುವ ಡ್ರೈವಿಂಗ್ ಸ್ಕೂಲಿನ ಫಾರಂ 5, ಅಂದರೆ ತರಬೇತಿ ಸರ್ಟಿಫಿಕೇಟ್ ಕಡ್ಡಾಯ. ಹೆವಿ ತರಬೇತಿ ಕನಿಷ್ಠ 30 ದಿನ, ಅದರಲ್ಲಿ ಸ್ಟಿಯರಿಂಗ್ ಹಿಡಿದು 15 ಗಂಟೆ. ಆ 15 ಗಂಟೆಯನ್ನು ತಾರೀಖು ಹಾಕಿ ನೀವೇ ಬರೆದಿಡಿ. ನಾಲ್ಕು ಜನ ಒಂದೇ ಕ್ಯಾಬಿನ್‌ನಲ್ಲಿ ಕೂತು ಸರದಿಯಲ್ಲಿ ಓಡಿಸಿದರೆ ನಿಮ್ಮ ಪಾಲಿಗೆ ಬರುವುದು ಕಾಲು ಭಾಗ ಮಾತ್ರ. ಮಿಕ್ಕಿದ್ದು ನೋಡಿದ್ದು, ಕಲಿತದ್ದಲ್ಲ. ಗಾಡಿಯ ಹಿಂದೆ ಮುಂದೆ 18 ಸೆಂ.ಮೀ. ಚೌಕದ ಬಿಳಿ ಫಲಕದಲ್ಲಿ ಕೆಂಪು ಎಲ್ ಇರಬೇಕು, ಪಕ್ಕದಲ್ಲಿ ಕಲಿಸುವವರು ಕೂತಿರಲೇಬೇಕು.

ಇನ್ನು ಪ್ರಶ್ನೆಗಳು. ಅವು ಪರದೆಯ ಮೇಲೆ ಬಂದರೂ ಸರಿ, ಟ್ರ್ಯಾಕ್‌ನಲ್ಲಿ ಇನ್‌ಸ್ಪೆಕ್ಟರ್ ಬಾಯಲ್ಲಿ ಬಂದರೂ ಸರಿ, ಓದಬೇಕಾದ್ದು ಒಂದೇ. ಪರದೆಯ ಪರೀಕ್ಷೆಗೆ ಶೇ. 60 ಸರಿ ಉತ್ತರ ಬೇಕು. ಕನ್ನಡದಲ್ಲಿ ಬರೆಯುವವರನ್ನು ಎಡವಿಸುವುದು ಮುಖ್ಯವಾಗಿ ಭಾಷೆ. ಬಾಯಲ್ಲಿ ನಾವು ಓವರ್‌ಟೇಕ್ ಅನ್ನುತ್ತೇವೆ, ಪ್ರಶ್ನೆಯಲ್ಲಿ 'ಹಿಂದಿಕ್ಕುವುದು' ಎಂದಿರುತ್ತದೆ. 'ಪಾದಚಾರಿ', 'ಕಡ್ಡಾಯ ಸೂಚನಾ ಫಲಕ', 'ಏಕಮುಖ ಸಂಚಾರ', 'ಸಮತಳ ದಾಟು' (ರೈಲ್ವೆ ಲೆವೆಲ್ ಕ್ರಾಸಿಂಗ್) ಇಂಥ ಪದಗಳನ್ನು ಒಂದು ಹಾಳೆಯಲ್ಲಿ ಬರೆದು ಪಕ್ಕಕ್ಕೆ ನಿಮ್ಮ ಮಾತಿನ ಪದ ಬರೆದುಕೊಂಡರೆ ಅರ್ಧ ಗೊಂದಲ ಹೋಗುತ್ತದೆ.

ಬೋರ್ಡುಗಳನ್ನು ಒಂದೊಂದಾಗಿ ಉರು ಹೊಡೆಯುವ ಬದಲು ಆಕಾರ ಹಿಡಿಯಿರಿ. ಕೆಂಪು ಅಂಚಿನ ದುಂಡು ಅಂದರೆ ಹೀಗೆ ಮಾಡಬೇಡ ಅಥವಾ ಇದಕ್ಕಿಂತ ಹೆಚ್ಚಬಾರದು. ನೀಲಿ ದುಂಡು ಅಂದರೆ ಹೀಗೇ ಮಾಡು. ಮೊನೆ ಮೇಲಿರುವ ಕೆಂಪು ತ್ರಿಕೋನ ಮುಂದೆ ಏನೋ ಇದೆ ಎಂಬ ಎಚ್ಚರಿಕೆ, ಮೊನೆ ಕೆಳಗಿದ್ದರೆ ದಾರಿ ಬಿಡು, ಎಂಟು ಮೂಲೆಯದು ನಿಲ್ಲು. ನೀಲಿ ಚೌಕ ಬರೀ ಮಾಹಿತಿ. ಹೆವಿಯವರಿಗೆ ಮುಖ್ಯವಾದವು ಎತ್ತರದ ಮಿತಿ, ಅಗಲದ ಮಿತಿ, ಉದ್ದದ ಮಿತಿ, ತೂಕದ ಮಿತಿ, ಆಕ್ಸಲ್ (ಚಕ್ರಗಳನ್ನು ಕೂಡಿಸುವ ಅಚ್ಚು) ತೂಕದ ಮಿತಿ, ಲಾರಿ ನಿಷೇಧ. ಕೊನೆಯ ಮೂರರಲ್ಲಿ ಎರಡು ತೂಕದವು ಅದಲುಬದಲಾಗುವುದೇ ಹೆಚ್ಚು. ಆಕ್ಸಲ್ ಬೋರ್ಡಿನಲ್ಲಿ ಎರಡು ಚಕ್ರವನ್ನು ಕೂಡಿಸುವ ಅಡ್ಡ ಗೆರೆ ಇರುತ್ತದೆ, ಅದನ್ನು ಹುಡುಕಿ.

ನಿಯಮಗಳಲ್ಲಿ ಜನ ತಪ್ಪುವ ಜಾಗಗಳು ಇವು. ಕಾವಲಿಲ್ಲದ ರೈಲ್ವೆ ಗೇಟಿನಲ್ಲಿ ಗಾಡಿ ನಿಲ್ಲಿಸಿ, ಕ್ಲೀನರ್ ಇಳಿದು ಹೋಗಿ ಎರಡೂ ಕಡೆ ನೋಡಬೇಕು. ಕ್ಲೀನರ್ ಇಲ್ಲದಿದ್ದರೆ ಡ್ರೈವರ್ರೇ ಇಳಿಯಬೇಕು. (ಬ್ರಾಡ್‌ಗೇಜ್‌ನಲ್ಲಿ ಅಂಥ ಗೇಟುಗಳು 2019ಕ್ಕೇ ಮುಗಿದವು, ಪ್ರಶ್ನೆ ಮಾತ್ರ ಉಳಿದಿದೆ.) ಕಿರಿದಾದ ಘಟ್ಟದ ದಾರಿಯಲ್ಲಿ ಏರುವ ಗಾಡಿಗೆ ಮೊದಲ ಹಕ್ಕು, ಇಳಿಯುವವರು ಕಾಯಬೇಕು. ಸರ್ಕಲ್‌ನಲ್ಲಿ ಈಗಾಗಲೇ ಸುತ್ತುತ್ತಿರುವವರಿಗೆ ದಾರಿ ಬಿಡಬೇಕು. ಮೈಸೂರಿನ ಸರ್ಕಲ್‌ಗಳಲ್ಲಿ ದಿನಾ ಕಾಣುವುದನ್ನು ನೋಡಿ ಉತ್ತರ ಬರೆದರೆ ಇದು ಖಂಡಿತ ತಪ್ಪಾಗುತ್ತದೆ. ಅಪಘಾತವಾದರೆ ಗಾಯಾಳುವಿಗೆ ಚಿಕಿತ್ಸೆ ಕೊಡಿಸಿ, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ಮದ್ಯದ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಡ್ರೈವರ್ ಕೆಲಸ ದಿನಕ್ಕೆ 8 ಗಂಟೆ, ಸತತ 5 ಗಂಟೆ ಆದ ಮೇಲೆ ಅರ್ಧ ಗಂಟೆ ವಿಶ್ರಾಂತಿ.

ತೂಕದ ಲೆಕ್ಕ ಕಲಿತುಕೊಳ್ಳಿ, ಮುಂದೆ ಬದುಕೂ ಅದರ ಮೇಲೇ. ತೂಕದ ಮಿತಿಗೆ 2018ರಲ್ಲಿ ಆದ ತಿದ್ದುಪಡಿಯ ಮೇಲೆ ಎರಡು ಆಕ್ಸಲ್‌ನ ಆರು ಚಕ್ರದ ಲಾರಿಗೆ ಸರಕೂ ಸೇರಿ ಒಟ್ಟು 18.5 ಟನ್, ಮೂರು ಆಕ್ಸಲ್‌ನ ಹತ್ತು ಚಕ್ರಕ್ಕೆ 28.5 ಟನ್. ಆರ್‌ಸಿಯಲ್ಲಿ ನಮೂದಾದ ತೂಕವೇ ಕೊನೆಯ ಮಾತು. ಮೋಟಾರು ವಾಹನ ಕಾಯ್ದೆ ಪ್ರಕಾರ ಓವರ್‌ಲೋಡ್‌ಗೆ ದಂಡ ₹20,000, ಮೇಲೆ ಪ್ರತಿ ಹೆಚ್ಚುವರಿ ಟನ್‌ಗೆ ₹2,000. ದಾಖಲೆಗಳ ಪಟ್ಟಿ ಆರ್‌ಸಿ, ಇನ್ಶೂರೆನ್ಸ್, ಪರ್ಮಿಟ್, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಟ್ಯಾಕ್ಸ್, ಎಮಿಷನ್, ಡಿಎಲ್. ಎಫ್‌ಸಿ 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ.

ಗಾಡಿಯ ವಿಷಯಕ್ಕೆ ಬಂದರೆ, ಕಾರಿನಿಂದ ಬಂದವರಿಗೆ ಹೊಸದು ಏರ್ ಬ್ರೇಕ್. ಸ್ಟಾರ್ಟ್ ಮಾಡಿದ ಕೂಡಲೇ ಹೊರಡುವ ಹಾಗಿಲ್ಲ. ಗೇಜಿನ ಮುಳ್ಳು ಸಾಮಾನ್ಯವಾಗಿ 7ರಿಂದ 8 ಬಾರ್‌ಗೆ ಏರಿ ಎಚ್ಚರಿಕೆಯ ದೀಪ, ಸದ್ದು ನಿಂತ ಮೇಲೇ ಹ್ಯಾಂಡ್ ಬ್ರೇಕ್ ಬಿಡಬೇಕು. ಸ್ಪ್ರಿಂಗ್ ಬ್ರೇಕ್ ಇರುವ ಲಾರಿಯಲ್ಲಿ ಗಾಡಿಯನ್ನು ಹಿಡಿದಿರುವುದು ಸ್ಪ್ರಿಂಗ್, ಅದನ್ನು ಬಿಡಿಸುವುದು ಗಾಳಿ. ಹಾಗಾಗಿ ಏರ್ ಇಳಿದರೆ ಚಕ್ರ ತಾನಾಗಿಯೇ ಹಿಡಿದುಕೊಳ್ಳುತ್ತದೆ. 'ಗಾಡಿ ಯಾಕೋ ಎಳೀತಾ ಇಲ್ಲ' ಎಂದು ಎಕ್ಸಲರೇಟರ್ ಒತ್ತಿದವರು ಬ್ರೇಕ್ ಲೈನರ್ ಸುಟ್ಟಿದ್ದಾರೆ. ಲೀಕ್ ನೋಡಲು ಇಂಜಿನ್ ಆಫ್ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು, ಬ್ರೇಕ್ ಒಂದು ನಿಮಿಷ ತುಳಿದು ಹಿಡಿಯಿರಿ. ಮುಳ್ಳು ಇಳಿಯುತ್ತಲೇ ಹೋದರೆ ಎಲ್ಲೋ ಗಾಳಿ ಸೋರುತ್ತಿದೆ. ಟ್ಯಾಂಕಿನ ಡ್ರೈನ್ ವಾಲ್ವ್ ತೆಗೆದು ನೀರು ಬಿಡುವುದು ದಿನದ ಕೆಲಸ, ಬಿಡದಿದ್ದರೆ ಗಾಳಿಗೆ ಜಾಗ ಕಡಿಮೆಯಾಗಿ ವಾಲ್ವುಗಳೂ ತುಕ್ಕು ಹಿಡಿಯುತ್ತವೆ.

ಹತ್ತುವ ಮುಂಚೆ ಗಾಡಿ ಸುತ್ತ ಒಂದು ಸುತ್ತು ಹಾಕಿ. ಟೈರಿನ ಗಾಳಿ, ಟೈರ್ ಎಷ್ಟು ಸವೆದಿದೆ, ಜೋಡಿ ಚಕ್ರದ ಸಂದಿಯಲ್ಲಿ ಕಲ್ಲು ಸಿಕ್ಕಿದೆಯಾ, ವೀಲ್ ನಟ್ಟುಗಳು, ಆಯಿಲ್, ಕೂಲೆಂಟ್, ಹಿಂದಿನ ದೀಪ, ರಿಫ್ಲೆಕ್ಟರ್. ಸಂದಿಯ ಕಲ್ಲನ್ನು ಹಗುರ ಮಾಡಬೇಡಿ. ಟೈರಿನ ಪಕ್ಕ ಸೀಳುತ್ತದೆ, ವೇಗದಲ್ಲಿ ಸಿಡಿದರೆ ಹಿಂದಿನವರ ಗ್ಲಾಸಿಗೆ ಬೀಳುತ್ತದೆ. ಇನ್‌ಸ್ಪೆಕ್ಟರ್ ನೋಡುತ್ತಿರಲಿ ಬಿಡಲಿ, ಇದು ಮುಗಿಸಿ ಹತ್ತಿ ಕನ್ನಡಿ ಸರಿ ಮಾಡಿಕೊಂಡು ಬೆಲ್ಟ್ ಹಾಕಿ. ಕನ್ನಡಿ ಸರಿ ಮಾಡುವುದೂ ಟೆಸ್ಟಿನ ಭಾಗ ಎಂದು ಕೇಂದ್ರ ಮೋಟಾರು ವಾಹನ ನಿಯಮಗಳ ನಿಯಮ 15ರಲ್ಲೇ ಇದೆ.

ತಿರುವು. ಲಾರಿಯ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಗಡೆಗೆ ಕತ್ತರಿಸಿಕೊಂಡು ಬರುತ್ತದೆ. ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ ಹೆಚ್ಚಿದಷ್ಟೂ ಕತ್ತರಿಸುವುದು ಹೆಚ್ಚು. ಕಾರಿನ ಲೆಕ್ಕದಲ್ಲಿ ಮೂಲೆ ಬಂದ ತಕ್ಷಣ ಎಡಕ್ಕೆ ಎಳೆದರೆ ಕಲ್ಲೋ ಬೈಕೋ ಹಿಂದಿನ ಚಕ್ರಕ್ಕೆ ಸಿಗುತ್ತದೆ. ಮುಂದಿನ ಚಕ್ರ ಮೂಲೆ ದಾಟಿದ ಮೇಲೆ ತಿರುಗಿಸಲು ಶುರು ಮಾಡಿ, ಕಣ್ಣು ಎಡಗನ್ನಡಿಯಲ್ಲಿರಲಿ. ಅಗಲಕ್ಕೆ ಬಲಕ್ಕೆ ಬಾಚಿಕೊಂಡರೆ ಎಡದ ಸಂದಿಗೆ ಬೈಕ್ ನುಗ್ಗುತ್ತದೆ, ಅದಕ್ಕೇ ಆ ಅಭ್ಯಾಸ ಬೇಡ. ಇನ್ನೊಂದು ಕಡೆ, ಹಿಂದಿನ ಆಕ್ಸಲ್‌ನಿಂದಾಚೆ ಇರುವ ಬಾಡಿ ತಿರುವಿನ ಹೊರಗಡೆಗೆ ಬೀಸುತ್ತದೆ. ಸಂತೆ ಮೈದಾನದಲ್ಲಿ ಸಂತೆಯಿಲ್ಲದ ದಿನ ಅನುಮತಿ ಕೇಳಿ ಸುಣ್ಣದಲ್ಲಿ ಮೂಲೆ ಬರೆದು, ಖಾಲಿ ಡ್ರಮ್ ಇಟ್ಟು ಅಭ್ಯಾಸ ಮಾಡಿ. ಚಕ್ರದ ಗುರುತನ್ನು ಇಳಿದು ನೋಡಿದರೆ ಎಷ್ಟು ಕತ್ತರಿಸಿತೆಂದು ನೆಲವೇ ಹೇಳುತ್ತದೆ.

ರಿವರ್ಸ್‌ನಲ್ಲಿ ತಪ್ಪೆಲ್ಲ ಅವಸರದ್ದು. ಮೊದಲ ಗೇರ್‌ಗಿಂತ ನಿಧಾನ, ಕ್ಲಚ್ ಮೇಲೆ ಹಿಡಿತ, ಎಕ್ಸಲರೇಟರ್ ತೀರಾ ಕಡಿಮೆ. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಹಿಂಭಾಗ ಎಡಕ್ಕೇ ಹೋಗುತ್ತದೆ, ಮುಂಭಾಗ ಬಲಕ್ಕೆ ಬೀಸುತ್ತದೆ. ಹಿಂದೆ ನೋಡುತ್ತಾ ಮುಂದಿನ ಮೂಲೆಯಲ್ಲಿ ತಾಗಿಸುವುದು ಇದರಿಂದಲೇ. ಎರಡು ಕನ್ನಡಿಯನ್ನೂ ಸರದಿಯಂತೆ ನೋಡಿ. ಒಂದರಲ್ಲಿ ಗೆರೆ ಹತ್ತಿರವಾಗುತ್ತಿದ್ದರೆ ಸ್ಟಿಯರಿಂಗ್ ಸ್ವಲ್ಪವೇ ತಿದ್ದಿ, ಒಂದು ಸುತ್ತು ತಿದ್ದಿದರೆ ಹಾವು ನಡೆದಂತೆ ಜಾಡು ಬೀಳುತ್ತದೆ. ಕೆಟ್ಟಿತು ಅನಿಸಿದರೆ ನಿಲ್ಲಿಸಿ. ಅಭ್ಯಾಸದಲ್ಲಿ ನಿಂತು ಮತ್ತೆ ಮುಂದೆ ತೆಗೆದು ನೇರ ಮಾಡಿಕೊಳ್ಳುವುದನ್ನೂ ಕಲಿಯಿರಿ.

ಏರುದಾರಿಯಲ್ಲಿ ನಿಲ್ಲಿಸಿ ಮತ್ತೆ ಹೊರಡುವಾಗ ಹಿಂದಕ್ಕೆ ಜಾರಕೂಡದು. ಹ್ಯಾಂಡ್ ಬ್ರೇಕ್ ಹಾಕಿ, ಮೊದಲ ಗೇರ್, ಕ್ಲಚ್ ಕಚ್ಚುವ ತನಕ ನಿಧಾನ ಬಿಡಿ. ಇಂಜಿನ್ ಸದ್ದು ತಗ್ಗಿ ಕ್ಯಾಬಿನ್ ಮೂತಿ ಒಂಚೂರು ಎದ್ದಂತಾದಾಗ ಎಕ್ಸಲರೇಟರ್ ಕೊಟ್ಟು ಹ್ಯಾಂಡ್ ಬ್ರೇಕ್ ಬಿಡಿ. ಹಾಫ್ ಕ್ಲಚ್‌ನಲ್ಲೇ ಗಾಡಿ ಹಿಡಿದು ನಿಂತರೆ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬರುತ್ತದೆ. ಇಳಿಜಾರಿನಲ್ಲಿ ಯಾವ ಗೇರಿನಲ್ಲಿ ಹತ್ತುವುದೋ ಅದೇ ಗೇರಿನಲ್ಲಿ ಇಳಿಯಬೇಕು, ಗೇರ್ ಇಳಿಸುವುದು ಇಳಿಜಾರು ಶುರುವಾಗುವ ಮುಂಚೆ. ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕುವುದು ಇನ್ನೂ ನಡೆದಿದೆ. ಇಂಜಿನ್ ಹಿಡಿತ ತಪ್ಪಿ ಪೂರ್ತಿ ಭಾರ ಬ್ರೇಕಿಗೆ ಬೀಳುತ್ತದೆ, ಡ್ರಮ್ ಕಾದು ಬ್ರೇಕ್ ಹಿಡಿಯುವುದೇ ಇಲ್ಲ. ಪದೇ ಪದೇ ಪೆಡಲ್ ತುಳಿದರೆ ಇದ್ದ ಏರ್ ಕೂಡ ಖಾಲಿ.

ಟೆಸ್ಟ್ ದಿನ ಎಲ್‌ಎಲ್, ಮೂಲ ಡಿಎಲ್, ಫಾರಂ 5 ಜೊತೆಗೆ ಟೆಸ್ಟ್ ಗಾಡಿಯ ಕಾಗದಗಳನ್ನೂ ನೋಡಿಕೊಳ್ಳಿ. ಗಾಡಿಯ ಇನ್ಶೂರೆನ್ಸ್ ಮುಗಿದಿದ್ದರೆ ನಿಮ್ಮ ಕೈಚಳಕ ಕೆಲಸಕ್ಕೆ ಬಾರದು. ಇಂಡಿಕೇಟರ್ ಹಾಕುವ ಮುಂಚೆ ಕನ್ನಡಿ ನೋಡಿ, ನೋಡಿದ್ದು ಪಕ್ಕದವರಿಗೆ ಕಾಣುವಷ್ಟು ತಲೆ ತಿರುಗಿಸಿ. ಫೇಲಾದರೆ 7 ದಿನದ ಮೇಲೆ ಮತ್ತೆ ಬರಬಹುದು, ಮೂರು ಸಲ ಫೇಲಾದರೆ 60 ದಿನ ಕಾಯಬೇಕು. ಪಾಸಾದವರ ಹೆವಿ ಲೈಸೆನ್ಸ್‌ಗೆ 5 ವರ್ಷದ ಅವಧಿ. ಪೆಟ್ರೋಲ್, ಗ್ಯಾಸ್ ಟ್ಯಾಂಕರ್ ಓಡಿಸಲು ಬೇರೆ ತರಬೇತಿ ಪಡೆದು ಡಿಎಲ್‌ನಲ್ಲಿ ಬರೆಸಬೇಕು, ಅದರ ಅವಧಿ 3 ವರ್ಷ.