ಎರಡು ಮಡಿಕೆ, ಒಂದು ಕತ್ತರಿ: ಚೀನಾದ ಮದುವೆ ಮನೆಯ ಕೆಂಪು ಅಕ್ಷರ ನೀವೂ ಕತ್ತರಿಸಿ

ಚೀನಾದ ಮದುವೆ ಮನೆಗೆ ಹೋದರೆ ಒಂದು ಕೆಂಪು ಅಕ್ಷರ ಕಣ್ಣಿಗೆ ಬೀಳದೇ ಇರುವುದಿಲ್ಲ. ಬಾಗಿಲು, ಕಿಟಕಿ, ಕನ್ನಡಿ, ಎಲ್ಲೆಲ್ಲೂ ಅದೇ. ಒಂದೇ ಥರದ ಎರಡು ಅಕ್ಷರ ಕೈ ಕೈ ಹಿಡಿದು ನಿಂತ ಹಾಗಿರುತ್ತದೆ. ಹೆಸರು ಷುವಾಂಗ್‌ಶಿ. ‘ಶಿ’ ಅಂದರೆ ಸಂತೋಷ, ‘ಷುವಾಂಗ್’ ಅಂದರೆ ಜೋಡಿ. ಇದನ್ನು ಬರೆಯುವುದಕ್ಕಿಂತ ಕತ್ತರಿಸುವುದೇ ಸುಲಭ. ಚೀನಿ ಭಾಷೆಯ ಒಂದಕ್ಷರ ಬಾರದಿದ್ದರೂ ಅರ್ಧ ಗಂಟೆಯಲ್ಲಿ ಮಾಡಬಹುದು.

ಕಾಗದ ಕತ್ತರಿಸುವ ಈ ಕಲೆಗೆ ಅಲ್ಲಿ ಜಿಯೆನ್‌ಜಿ ಅನ್ನುತ್ತಾರೆ. ಷಿನ್‌ಜಿಯಾಂಗ್‌ನ ತುರ್ಫಾನ್ ಬಳಿ ಸಿಕ್ಕ ಹಳೆಯ ನಮೂನೆಗಳು ಸುಮಾರು 6ನೇ ಶತಮಾನದವು. ಒಣ ಮರಳುನಾಡಾದ್ದರಿಂದ ಕಾಗದ ಉಳಿದುಕೊಂಡಿತು. ಉತ್ತರ ಚೀನಾದ ಹಳ್ಳಿಗಳಲ್ಲಿ ಹಿಂದೆ ಕಿಟಕಿಗೆ ಗಾಜು ಇರುತ್ತಿರಲಿಲ್ಲ. ಮರದ ಚೌಕಟ್ಟಿಗೆ ಬಿಳಿ ಕಾಗದ ಅಂಟಿಸುತ್ತಿದ್ದರು. ಹೊಸ ವರ್ಷದ ಹಬ್ಬಕ್ಕೆ ಹಳೇ ಕಾಗದ ಕಿತ್ತು ಹೊಸದು ಹಾಕಿ, ಅದರ ಮೇಲೆ ಕೆಂಪು ಹೂವು, ಕೋಳಿ, ಮೀನು ಕತ್ತರಿಸಿ ಅಂಟಿಸುವುದು ಹೆಂಗಸರ ಕೆಲಸ. ಇವಕ್ಕೆ ‘ಚುವಾಂಗ್‌ಹುವಾ’, ಅಂದರೆ ಕಿಟಕಿ ಹೂವು ಅನ್ನುವ ಹೆಸರು. 2009ರಲ್ಲಿ ಯುನೆಸ್ಕೋ ಈ ಕಲೆಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಸರಿ, ಕೆಲಸಕ್ಕೆ ಬರೋಣ.

ಬೇಕಾಗುವುದು ತೆಳ್ಳಗಿನ ಕೆಂಪು ಹಾಳೆ, ಚೂಪು ಮೂತಿಯ ಸಣ್ಣ ಕತ್ತರಿ, ಪೆನ್ಸಿಲ್, ಸ್ಕೇಲ್. ಗಾಳಿಪಟದ ಹಾಳೆಯೂ ಆದೀತು. ದಪ್ಪ ಚಾರ್ಟ್ ಪೇಪರ್ ಮಾತ್ರ ಬೇಡ. ನಾಲ್ಕು ಪದರ ಆದ ಮೇಲೆ ಕತ್ತರಿ ಜಾರುತ್ತದೆ, ಮೂಲೆಗಳು ಹರಿಯುತ್ತವೆ.

ಮಡಿಚುವುದು

16 ಸೆಂ.ಮೀ. ಉದ್ದಗಲದ ಚೌಕ ಕತ್ತರಿಸಿಕೊಳ್ಳಿ. ಬಣ್ಣ ಒಳಗೆ ಬರುವ ಹಾಗೆ ಎಡದಿಂದ ಬಲಕ್ಕೆ ಅರ್ಧ ಮಡಿಸಿ. ಅದೇ ದಿಕ್ಕಿನಲ್ಲಿ ಇನ್ನೊಮ್ಮೆ ಅರ್ಧ ಮಡಿಸಿ. ಈಗ 4 ಸೆಂ.ಮೀ. ಅಗಲ, 16 ಸೆಂ.ಮೀ. ಎತ್ತರದ ಪಟ್ಟಿ ಸಿಕ್ಕಿತು.

ಇಲ್ಲಿ ಸ್ವಲ್ಪ ನಿಲ್ಲಿ. ಪಟ್ಟಿಯ ಎರಡು ಉದ್ದದ ಅಂಚು ನೋಡಿ. ಒಂದು ಪೂರ್ತಿ ಮುಚ್ಚಿದೆ, ಬರೀ ಮಡಿಕೆ. ಇನ್ನೊಂದರಲ್ಲಿ ಹಾಳೆಯ ಬಿಚ್ಚು ತುದಿಗಳು ಕಾಣುತ್ತವೆ, ಅವುಗಳ ಜೊತೆ ಒಂದು ಮಡಿಕೆಯೂ ಇದೆ. ಮುಚ್ಚಿದ ಅಂಚು ನಿಮ್ಮ ಎಡಗಡೆಗೆ ಇರಲಿ. ಮೊದಲ ಸಲ ನಾನು ಇದನ್ನೇ ಉಲ್ಟಾ ಹಿಡಿದು ಕತ್ತರಿಸಿದೆ. ಬಿಡಿಸಿದಾಗ ನಡುವೆ ಒಂದು ಪೂರ್ತಿ ‘ಶಿ’, ಎರಡೂ ಪಕ್ಕ ಅರ್ಧರ್ಧ! ಜೋಡಿ ಸಂತೋಷ ಹೋಗಿ ಸೀಳಿದ ಸಂತೋಷ ಆಯಿತು.

ಗೆರೆ ಎಳೆಯುವುದು

ಪಟ್ಟಿಯ ಮೇಲೆ ಒಂದೊಂದು ಸೆಂ.ಮೀ.ಗೆ ಅಡ್ಡ ಗೆರೆ ಎಳೆದು, ಮೇಲಿನಿಂದ 1ರಿಂದ 16ರವರೆಗೆ ಸಾಲಿನ ನಂಬರ್ ಹಾಕಿ. ಮುಂದೆ ಹೇಳುವ ಎಲ್ಲ ಅಳತೆ ಎಡಗಡೆಯ ಮುಚ್ಚಿದ ಅಂಚಿನಿಂದ. ಉಳಿಯಬೇಕಾದ ಜಾಗಕ್ಕೆ ಪೆನ್ಸಿಲ್‌ನಲ್ಲಿ ಗೀಚಿ ಬಣ್ಣ ತುಂಬಿ. ಹಾಗೆ ಮಾಡಿದರೆ ತಪ್ಪುವುದು ಕಡಿಮೆ.

2 ಮತ್ತು 11ನೇ ಸಾಲು ಬಲ ತುದಿಯವರೆಗೂ ಪೂರ್ತಿ ಉಳಿಯಬೇಕು. ಎರಡು ‘ಶಿ’ ಕೈ ಹಿಡಿಯುವುದು ಇಲ್ಲೇ.

1, 3, 5, 12ನೇ ಸಾಲುಗಳಲ್ಲಿ ಅರ್ಧ ಸೆಂ.ಮೀ. ಮಾತ್ರ ಉಳಿಯುತ್ತದೆ. ಇದು ಅಕ್ಷರದ ಬೆನ್ನುಮೂಳೆ.

4ನೇ ಸಾಲು ಎರಡೂವರೆ ಸೆಂ.ಮೀ.

6 ಮತ್ತು 9, ಹಾಗೇ 13 ಮತ್ತು 16, ಇವು 3 ಸೆಂ.ಮೀ. ಇವುಗಳ ನಡುವೆ ಬರುವ 7-8 ಮತ್ತು 14-15ನೇ ಸಾಲುಗಳಲ್ಲಿ 2ರಿಂದ 3 ಸೆಂ.ಮೀ. ವರೆಗಿನ ಗೋಡೆ ಉಳಿಸಿ, ಅದರ ಎಡಗಡೆ ಖಾಲಿ ಬಿಡಿ. ಬಿಡಿಸಿದಾಗ ಇವು ಎರಡು ಪೆಟ್ಟಿಗೆ ಆಗುತ್ತವೆ. ಚೀನಿ ಬರಹದಲ್ಲಿ ಈ ಪೆಟ್ಟಿಗೆಗೆ ‘ಬಾಯಿ’ ಅಂತ ಅರ್ಥ.

10ನೇ ಸಾಲಿನಲ್ಲಿ 1ರಿಂದ 2 ಸೆಂ.ಮೀ. ವರೆಗೆ ಉಳಿಸಿ. ಎಡಕ್ಕೂ ಖಾಲಿ, ಬಲಕ್ಕೂ ಖಾಲಿ. ಬಾಯಿಯ ಕೆಳಗಿನ ಎರಡು ಪುಟ್ಟ ಕಾಲು ಅಂದುಕೊಳ್ಳಿ.

ಕತ್ತರಿಸುವುದು

ಮೊದಲು ಒಳಗಿನದು, ಆಮೇಲೆ ಹೊರಗಿನದು. ಹಾಳೆ ಗಟ್ಟಿಯಾಗಿರುವಾಗಲೇ ಸೂಕ್ಷ್ಮ ಕೆಲಸ ಮುಗಿಸಬೇಕು. ಎಡಗಡೆಯ ಮುಚ್ಚಿದ ಅಂಚಿನಿಂದ ಕತ್ತರಿ ತೂರಿಸಿ ಆ ಮೂರು ಖಾಲಿ ಜಾಗ ತೆಗೆಯಿರಿ. ಆಮೇಲೆ ಬಲಗಡೆಯದು. ಕತ್ತರಿ ಹಿಡಿದ ಕೈ ಅಲುಗಬಾರದು, ತಿರುಗಬೇಕಾದದ್ದು ಹಾಳೆ. ಇಷ್ಟು ಅಭ್ಯಾಸ ಆದರೆ ಅರ್ಧ ಕಲೆ ಬಂದ ಹಾಗೆ. ಮೂಲೆ ಬಂದಾಗ ಕತ್ತರಿಯ ಮೂತಿ ಗೆರೆ ದಾಟದಿರಲಿ.

ಅಕಸ್ಮಾತ್ ಒಂದು ಕಡೆ ತುಂಡಾಯಿತೇ? ಬೆನ್ನುಮೂಳೆ ಅಲ್ಲದಿದ್ದರೆ ಪರವಾಗಿಲ್ಲ, ಅಂಟಿಸುವಾಗ ಜೋಡಿಸಬಹುದು. ಆದರೆ ಈ ಕಲೆಯಲ್ಲಿ ಕೈಗಿಂತ ತಲೆ ಓಡಬೇಕಾದದ್ದು ಇಲ್ಲೇ: ಏನು ತೆಗೆಯಲಿ ಅನ್ನುವುದಕ್ಕಿಂತ ಯಾವುದು ಯಾವುದಕ್ಕೆ ಅಂಟಿಕೊಂಡಿರಲಿ ಅನ್ನುವ ಲೆಕ್ಕ. ಗೆರೆಗಳು ಉಳಿದು ಉಳಿದದ್ದೆಲ್ಲ ಹೋದರೆ ಅದು ‘ಯಾಂಗ್’ ಪದ್ಧತಿ. ಅಲ್ಲಿ ಎಲ್ಲ ಗೆರೆಯೂ ಒಂದಕ್ಕೊಂದು ಕೂಡಿಕೊಂಡಿರಲೇಬೇಕು. ಗೆರೆಯನ್ನೇ ತೆಗೆದು ಸುತ್ತಲಿನ ಮೈ ಉಳಿಸಿದರೆ ‘ಯಿನ್’. ನಾವು ಈಗ ಮಾಡಿದ್ದು ಯಾಂಗ್.

ಬಿಡಿಸುವಾಗ ಅವಸರ ಬೇಡ. ಒಂದೊಂದೇ ಮಡಿಕೆ ತೆರೆದು, ದಪ್ಪ ಪುಸ್ತಕದ ನಡುವೆ ಒಂದು ರಾತ್ರಿ ಇಡಿ. ಮೈದಾ ಅಂಟನ್ನು ಅಲ್ಲಲ್ಲಿ ಚುಕ್ಕಿಯಷ್ಟೇ ಹಚ್ಚಿ ಗಾಜಿಗೆ ಅಂಟಿಸಿ. ಎಡಬಲ ಒಂದೇ ಥರ ಇರುವುದರಿಂದ ಒಳಗಿನಿಂದ ನೋಡಿದರೂ ಸರಿ, ಹೊರಗಿನಿಂದ ನೋಡಿದರೂ ಸರಿ. ಬಣ್ಣ ಬದಲಾಯಿಸಬೇಕು ಅನ್ನಿಸಿದರೆ ಬಿಳಿ ಮಾತ್ರ ಬೇಡ. ಅಲ್ಲಿ ಬಿಳಿ ಸಾವಿನ ಮನೆಯ ಬಣ್ಣ.

ಕೈ ಪಳಗಿದ ಮೇಲೆ

ಮುಂದೆ ಕಲಿಯಬೇಕಾದದ್ದು ಎರಡೇ ಎರಡು ಗುರುತು: ಗರಗಸದ ಹಲ್ಲು ಮತ್ತು ಬಿದಿಗೆ ಚಂದ್ರ. ಹಲ್ಲುಗಳನ್ನು ಸಣ್ಣಗೆ, ಒತ್ತಾಗಿ ಕತ್ತರಿಸಿದರೆ ಕೋಳಿಯ ಪುಕ್ಕ. ಚಂದ್ರನ ತುಂಡುಗಳನ್ನು ಸಾಲಾಗಿ ಕತ್ತರಿಸಿದರೆ ಮೀನಿನ ಹುರುಪೆ. ಹಬ್ಬದ ಹೊತ್ತಿಗೆ ಮೀನನ್ನು ಜಾಸ್ತಿ ಕತ್ತರಿಸುವುದಕ್ಕೆ ಕಾರಣ ಉಚ್ಚಾರ. ಮೀನು ‘ಯೂ’, ತುಂಬಿ ಉಳಿಯುವುದೂ ‘ಯೂ’.

ಎಲ್ಲರೂ ಕತ್ತರಿಯನ್ನೇ ಹಿಡಿಯುವುದಿಲ್ಲ. ಹೆಬೇ ಪ್ರಾಂತದ ಯೂಷಿಯೆನ್‌ನಲ್ಲಿ ಹಾಳೆಗಳ ಕಟ್ಟನ್ನೇ ಸಣ್ಣ ಚೂರಿಯಿಂದ ಕೊರೆದು, ಆಮೇಲೆ ಬಣ್ಣ ಹಾಕುತ್ತಾರೆ. ಷಾನ್‌ಷಿ ಪ್ರಾಂತದ ಷುನ್‌ಯಿಯಲ್ಲಿ ಕು ಶುಲಾನ್ (1920-2004) ಎಂಬ ಹಳ್ಳಿಯ ಹೆಂಗಸು ಇದ್ದರು. ಬಣ್ಣಬಣ್ಣದ ಚೂರುಗಳನ್ನು ಪದರ ಪದರವಾಗಿ ಅಂಟಿಸಿ ದೊಡ್ಡ ದೊಡ್ಡ ಚಿತ್ರ ಮಾಡುತ್ತಿದ್ದರು. ತಮ್ಮನ್ನು ‘ಹೂ ಕತ್ತರಿಸುವ ದೇವಿ’ ಅಂತಲೇ ಕರೆದುಕೊಳ್ಳುತ್ತಿದ್ದರು. ಆ ಧೈರ್ಯ ನನಗಂತೂ ಇಷ್ಟ.

ನಿಮ್ಮ ನಮೂನೆ ಚೆನ್ನಾಗಿ ಬಂದಿದ್ದರೆ ಅದನ್ನು ನಕಲು ಮಾಡಿಡುವ ಹಳ್ಳಿಯ ಉಪಾಯ ಒಂದಿದೆ. ಬಿಳಿ ಹಾಳೆಯ ಮೇಲೆ ನಮೂನೆ ಇಟ್ಟು, ನೀರು ಚಿಮುಕಿಸಿ ಅಂಟಿಸಿ. ಮಗುಚಿ ಹಿಡಿದು ಕೆಳಗೆ ಎಣ್ಣೆ ದೀಪದ ಹೊಗೆ ಕೊಡಿ. ಹಾಳೆ ಪೂರ್ತಿ ಮಸಿ ಹಿಡಿದ ಮೇಲೆ ನಮೂನೆ ಎಬ್ಬಿಸಿದರೆ ಕಪ್ಪು ನೆಲದಲ್ಲಿ ಬೆಳ್ಳಗೆ ಅದೇ ಆಕಾರ ಮೂಡಿರುತ್ತದೆ. ಜೆರಾಕ್ಸ್ ಬರುವ ಮೊದಲು ಅತ್ತೆಯಿಂದ ಸೊಸೆಗೆ, ಪಕ್ಕದ ಮನೆಗೆ ನಮೂನೆಗಳು ಹೋಗುತ್ತಿದ್ದದ್ದು ಹೀಗೇ. ಮಾಡುವುದಾದರೆ ಅಂಗಳದಲ್ಲಿ ಮಾಡಿ, ಪಕ್ಕದಲ್ಲಿ ಒಂದು ಬಕೆಟ್ ನೀರಿರಲಿ.