ಹಳೇ ಸ್ಟೀಲ್ ಎಂಟಿಬಿ ರೆಡಿ ಮಾಡೋದು ಹೇಗೆ

80, 90ರ ದಶಕದ ಸ್ಟೀಲ್ ಮೌಂಟನ್ ಬೈಕ್ (ಎಂಟಿಬಿ) ಯಾವುದಾದ್ರೂ ಮೂಲೇಲಿ ಧೂಳು ಹಿಡಿದು ನಿಂತಿದ್ರೆ ದಯವಿಟ್ಟು ಗುಜರಿಗೆ ಹಾಕ್ಬೇಡಿ. ಸೀಟ್ ಟ್ಯೂಬ್ (ಸೀಟ್ ಕೆಳಗಿನ ಫ್ರೇಮ್ ಪೈಪು) ಮೇಲೆ ಕ್ರೋಮೊಲಿ (ಗಟ್ಟಿ ಮಿಶ್ರ ಸ್ಟೀಲ್) ಅಂತಾನೋ, ಟ್ಯಾಂಗೆ, ರೆನಾಲ್ಡ್ಸ್, ಟ್ರೂ ಟೆಂಪರ್ ಅಂತ ಪೈಪ್ ಕಂಪನಿ ಹೆಸರಿನದ್ದೋ ಸ್ಟಿಕ್ಕರ್ ಕಂಡ್ರೆ ಅದು ಒಳ್ಳೆ ಫ್ರೇಮು, ಸರಿಯಾಗಿ ನೋಡ್ಕೊಂಡ್ರೆ ಇನ್ನೂ ತುಂಬಾ ವರ್ಷ ಓಡತ್ತೆ. ಸ್ಟಿಕ್ಕರ್ ಇಲ್ಲ, ಎತ್ತಿದ್ರೆ ಸಿಕ್ಕಾಪಟ್ಟೆ ಭಾರ ಅಂದ್ರೆ ರಿಪೇರಿ ಮಾಡಿ ಓಡಿಸಿ ಪರವಾಗಿಲ್ಲ, ಆದ್ರೆ ಅಪ್‌ಗ್ರೇಡ್‌ಗೆ ಅಂತ ಜಾಸ್ತಿ ದುಡ್ಡು ಸುರೀಬೇಡಿ.

ಏನೂ ಕೊಳ್ಳೋಕೆ ಮುಂಚೆ ಫ್ರೇಮ್ ಒರೆಸಿ ಬೆಳಕಲ್ಲಿ ನೋಡಿ. ಹೆಡ್ ಟ್ಯೂಬ್ (ಹ್ಯಾಂಡಲ್ ಕೆಳಗಿನ ಗಿಡ್ಡ ಪೈಪು) ಹಿಂದೆ, ಡೌನ್ ಟ್ಯೂಬಿನ (ಅಲ್ಲಿಂದ ಪೆಡಲ್ ಕಡೆ ಇಳಿಯೋ ಪೈಪು) ಕೆಳಗಡೆ ಪೇಂಟ್ ಸುಕ್ಕಾಗಿದ್ರೆ ಅಥವಾ ಬೆರಳಿಗೆ ಉಬ್ಬು ಸಿಕ್ಕಿದ್ರೆ ಬೈಕು ಯಾವಾಗ್ಲೋ ಮುಂದಿಂದ ಜೋರಾಗಿ ಗುದ್ದಿದೆ ಅಂತ ಅರ್ಥ, ಅಂಥದ್ದಕ್ಕೆ ಖರ್ಚು ಬೇಡ. ಬಾಟಮ್ ಬ್ರಾಕೆಟ್ (ಪೆಡಲ್ ಆಕ್ಸಲ್ ತಿರುಗೋ ಜಾಗ) ಸುತ್ತ, ಹಿಂದಿನ ಡ್ರಾಪ್‌ಔಟ್ (ವೀಲ್ ಆಕ್ಸಲ್ ಕೂರೋ ಕೊಂಡಿ) ಹತ್ರ ಕೂದಲೆಳೆ ಥರ ಬಿರುಕು ಇದ್ಯಾ ನೋಡಿ. ಆಮೇಲೆ ಒಂದು ದಾರ ತಗೊಂಡು ಹಿಂದಿನ ಒಂದು ಡ್ರಾಪ್‌ಔಟಿಂದ ಹೆಡ್ ಟ್ಯೂಬ್ ಸುತ್ತಿ ಇನ್ನೊಂದು ಡ್ರಾಪ್‌ಔಟಿಗೆ ಬಿಗಿಯಾಗಿ ಕಟ್ಟಿ, ಎರಡೂ ಕಡೆ ದಾರಕ್ಕೂ ಸೀಟ್ ಟ್ಯೂಬಿಗೂ ಎಷ್ಟು ಗ್ಯಾಪ್ ಇದೆ ಅಂತ ಅಳೀರಿ, ಎರಡೂ ಒಂದೇ ಬಂದ್ರೆ ಹಿಂಭಾಗ ನೇರವಾಗಿದೆ.

ಈಗ ಬಿಚ್ಚೋದು. ಎಡಗಡೆ ಪೆಡಲ್ ಉಲ್ಟಾ ಥ್ರೆಡ್ಡು, ಬಾಟಮ್ ಬ್ರಾಕೆಟ್ಟಲ್ಲಿ ಬಲಗಡೆಯ ಬೇರಿಂಗ್ ಕಪ್ ಉಲ್ಟಾ ಥ್ರೆಡ್ಡು. ಇದು ತಲೇಲಿ ಇಟ್ಕೊಳ್ದೇ ಬಲ ಹಾಕಿದ್ರೆ ಬಿಚ್ಚೋ ಬದ್ಲು ಬಿಗಿ ಮಾಡ್ತಿರ್ತೀರ. ಕ್ರ್ಯಾಂಕಿಗೆ (ಪೆಡಲ್ ಕೂರೋ ತೋಳು) ಪುಲ್ಲರ್ (ಅದನ್ನ ಎಳೆದು ತೆಗೆಯೋ ಟೂಲು) ಬೇಕೇ ಬೇಕು, ಸುತ್ತಿಗೇಲಿ ಹೊಡೀಬೇಡಿ.

ನಿಜವಾಗ್ಲೂ ಸತಾಯಿಸೋದು ಸೀಟ್ ಪೋಸ್ಟು (ಸೀಟ್ ಹಿಡಿದಿರೋ ಕಂಬಿ). ಅಲ್ಯೂಮಿನಿಯಂ ಪೋಸ್ಟು ಸ್ಟೀಲ್ ಫ್ರೇಮ್ ಒಳಗೆ ಗ್ರೀಸ್ ಇಲ್ದೇ ವರ್ಷಗಟ್ಟಲೆ ಕೂತಿದ್ರೆ ಬೆಸುಗೆ ಹಾಕ್ದಂಗೆ ಕಚ್ಕೊಂಡಿರತ್ತೆ. ತುಂಬಾ ಜನ ಬಿಸಿ ಮಾಡೋಕೆ ಹೋಗ್ತಾರೆ, ಆದ್ರೆ ಅಲ್ಯೂಮಿನಿಯಂ ಸ್ಟೀಲಿಗಿಂತ ಹತ್ತಿರ ಹತ್ತಿರ ಎರಡರಷ್ಟು ಹಿಗ್ಗತ್ತೆ, ಪೋಸ್ಟು ಇನ್ನೂ ಬಿಗಿಯಾಗಬಹುದು, ಪೇಂಟೂ ಸುಡತ್ತೆ. ಅದರ ಬದಲು ಕ್ಲ್ಯಾಂಪ್ ಬೋಲ್ಟ್ ಪೂರ್ತಿ ತೆಗೆದು ತುಕ್ಕು ಬಿಡಿಸೋ ಆಯಿಲ್ ಮೇಲಿಂದಾನೂ, ಬೈಕ್ ತಲೆಕೆಳಗೆ ಮಾಡಿ ಬಾಟಮ್ ಬ್ರಾಕೆಟ್ ಕಡೆಯಿಂದಾನೂ ಬಿಡಿ, ಎರಡು ಮೂರು ದಿನ ಕಾಯಿರಿ, ಪೋಸ್ಟಿಗೆ ಐಸ್ ಹಿಡಿದು ತಣ್ಣಗೆ ಮಾಡಿ, ಆಮೇಲೆ ಸೀಟ್ ಹಿಡ್ಕೊಂಡು ಎಡಕ್ಕೆ ಬಲಕ್ಕೆ ತಿರುಗಿಸಿ. ಒಂದು ಸಲ ಕದಲಿದ್ರೆ ಮುಗೀತು, ಬರತ್ತೆ. ಹೊರಗೆ ಬಂದ ಪೋಸ್ಟನ್ನ ಕ್ಯಾಲಿಪರಲ್ಲಿ ಅಳೀರಿ, 26.4, 26.6, 26.8, 27.2 ಎಂಎಂ ಹೀಗೆ ಚೂರು ಚೂರೇ ವ್ಯತ್ಯಾಸದಲ್ಲಿ ಬರತ್ತೆ, ಕಣ್ಣಳತೆ ನಂಬಿ ತಂದ್ರೆ ಕೂರಲ್ಲ.

ಪೇಂಟ್ ವಿಷಯ ನನ್ನ ಅಭಿಪ್ರಾಯ ಇಷ್ಟೇ, ಒರಿಜಿನಲ್ ಪೇಂಟ್ ಗೀರಾಗಿದ್ರೂ ಉಳಿಸ್ಕೊಳ್ಳಿ. ಮೇಲ್ಮೇಲಿನ ತುಕ್ಕನ್ನ ಸಣ್ಣ ಎಮರಿ ಪೇಪರಲ್ಲಿ ತಿಕ್ಕಿ ಟಚಪ್ ಹಚ್ಚಿ ಸಾಕು. ಜಾಸ್ತಿ ಗಮನ ಕೊಡ್ಬೇಕಾಗಿರೋದು ಒಳಗಿನ ತುಕ್ಕಿಗೆ, ಯಾಕಂದ್ರೆ ಅದು ಕಣ್ಣಿಗೆ ಬೀಳಲ್ಲ. ಫ್ರೇಮ್ ಖಾಲಿ ಇರೋವಾಗ್ಲೇ ಎಲ್ಲಾ ಟ್ಯೂಬ್ ಒಳಗೂ ತುಕ್ಕು ತಡೆಯೋ ವ್ಯಾಕ್ಸ್ ಸ್ಪ್ರೇ ಹೊಡೆದು ತಿರುಗಿಸ್ತಾ ಹರಡಿ, ನೀರು ಹೋಗೋ ತೂತು ಮುಚ್ಕೊಳ್ದಂಗೆ ನೋಡ್ಕೊಳ್ಳಿ.

ವೀಲ್ ಮಧ್ಯದ ಹಬ್ಬುಗಳನ್ನ ಬಿಚ್ಚಿ ಹಳೇ ಗ್ರೀಸ್ ತೊಳೆದು ಹೊಸ ಬೇರಿಂಗ್ ಬಾಲ್ಸ್ ಹಾಕಿ. ಸಾಮಾನ್ಯವಾಗಿ ಮುಂದೆ 3/16 ಇಂಚಿನ ಬಾಲ್ಸ್ ಒಂದೊಂದು ಕಡೆ 10, ಹಿಂದೆ 1/4 ಇಂಚಿನದ್ದು ಒಂದೊಂದು ಕಡೆ 9, ಆದ್ರೂ ಬಿಚ್ಚೋವಾಗ ಎಣಿಸ್ಕೊಳ್ಳಿ. ಕೋನ್ (ಬಾಲ್ಸ್ ಉರುಳೋ, ಆಕ್ಸಲ್ ಮೇಲಿನ ನಟ್ಟು) ಮೇಲೆ ಗುಳಿ ಬಿದ್ದಿದ್ರೆ ಗ್ರೀಸ್ ಎಷ್ಟು ತುಂಬಿದ್ರೂ ಪ್ರಯೋಜನ ಇಲ್ಲ, ಕೋನ್ ಬದಲಾಯಿಸಿ.

ಅಪ್‌ಗ್ರೇಡಿಗೆ ದುಡ್ಡು ಇದ್ರೆ ಮೊದಲು ಬ್ರೇಕಿಗೂ ಟೈರಿಗೂ ಹಾಕಿ, ಮಿಕ್ಕಿದ್ದೆಲ್ಲ ಆಮೇಲೆ. 90ರ ದಶಕದ ಮಧ್ಯದ ತನಕ ಬಂದ ಬೈಕುಗಳಲ್ಲಿ ಹೆಚ್ಚಾಗಿ ಕ್ಯಾಂಟಿಲಿವರ್ ಬ್ರೇಕು (ಎರಡು ತೋಳಿನ ಮಧ್ಯದ ಕೇಬಲ್ಲನ್ನ ಮೇಲಕ್ಕೆ ಎಳೆಯೋ ಹಳೇ ಥರದ್ದು) ಇರತ್ತೆ. ಅದೇ ಬಾಸ್ (ಬ್ರೇಕ್ ತೋಳು ಕೂರೋ ಗೂಟ) ಮೇಲೆ ಸಾಮಾನ್ಯವಾಗಿ ವಿ-ಬ್ರೇಕ್ (ಉದ್ದ ತೋಳಿನ, ಕೇಬಲ್ ಅಡ್ಡಕ್ಕೆ ಎಳೆಯೋ ಬ್ರೇಕು) ಕೂರತ್ತೆ, ಆದ್ರೆ ಲಿವರ್ ಕೂಡ ವಿ-ಬ್ರೇಕಿಂದೇ ಬೇಕು. ವಿ-ಬ್ರೇಕಿಗೆ ಕೇಬಲ್ ಜಾಸ್ತಿ ಎಳೀಬೇಕು, ಹಳೇ ಲಿವರ್ ಅಷ್ಟು ಎಳೆಯಲ್ಲ, ಲಿವರ್ ಹ್ಯಾಂಡಲ್‌ಗೆ ಬಂದು ತಾಗತ್ತೆ, ಬೈಕ್ ನಿಲ್ಲಲ್ಲ. ರಿಮ್ಮಿನ ಬ್ರೇಕ್ ಹಿಡಿಯೋ ಜಾಗ ಸವೆದು ಒಳಗೆ ಗುಳಿ ಆಗಿದ್ರೆ ರಿಮ್ ಕೂಡ ಹೊಸದೇ ಆಗ್ಬೇಕು. ಟೈರ್ ತಗೊಳ್ಳೋವಾಗ ಬರೀ 26 ಅಂತ ಕೇಳ್ಬೇಡಿ, ಸೈಡಲ್ಲಿ 559 (ರಿಮ್ಮಲ್ಲಿ ಟೈರ್ ಕೂರೋ ಜಾಗದ ವ್ಯಾಸ, ಎಂಎಂ ಲೆಕ್ಕದಲ್ಲಿ) ಅಂತ ಇದ್ಯಾ ನೋಡಿ, 26 × 1 3/8 ಅಂತ ಬರೋದು 590, ಅದು ಈ ರಿಮ್ಮಿಗೆ ಕೂರಲ್ಲ.

ಗೇರಲ್ಲಿ, ಮುಂದೆ ಒಂದೇ ಚೈನ್ ರಿಂಗ್ ಇಟ್ಟು ಹಿಂದೆ 8 ಅಥವಾ 9 ಸ್ಪೀಡ್ ಹಾಕೋದು ನನಗೆ ಇಷ್ಟ, ಕೆಲಸ ಕಡಿಮೆ, ಕೇಬಲ್ಲೂ ಒಂದು ಕಡಿಮೆ. ಶಿಮಾನೋ 8 ಸ್ಪೀಡ್ ಫ್ರೀಹಬ್ (ಹಿಂದಿನ ಹಬ್ಬಲ್ಲಿ ಗೇರ್ ಕೂರೋ ಬಾಡಿ) ಮೇಲೆ 9 ಸ್ಪೀಡ್ ಕ್ಯಾಸೆಟ್ (ಹಿಂದಿನ ಗೇರ್ ಹಲ್ಲುಚಕ್ರಗಳ ಸೆಟ್ಟು) ಕೂರತ್ತೆ, 7 ಸ್ಪೀಡಿನ ಬಾಡಿ ಗಿಡ್ಡ, ಅದರ ಮೇಲೆ ಪೂರ್ತಿ ಕೂರಲ್ಲ. ಹಿಂದಿನ ವೀಲ್ ಬದಲಾಯಿಸೋದಾದ್ರೆ ಡ್ರಾಪ್‌ಔಟ್ ಮಧ್ಯದ ಅಗಲ ಅಳೀರಿ, ಹೊಸ ಹಬ್ಬು 135 ಎಂಎಂ, ಫ್ರೇಮು 130 ಇದ್ರೆ ಸ್ಟೀಲ್ ಆಗಿರೋದ್ರಿಂದ ಗೊತ್ತಿರೋರ ಹತ್ರ ಎರಡೂ ಕಡೆ ಸಮವಾಗಿ ಅಗಲ ಮಾಡಿಸ್ಬಹುದು.

ಸಸ್ಪೆನ್ಷನ್ ಫೋರ್ಕ್ ಮಾತ್ರ ಬೇಡ. ರಿಜಿಡ್ ಫೋರ್ಕಿಗೆ (ಸಸ್ಪೆನ್ಷನ್ ಇಲ್ಲದ ಫೋರ್ಕು) ಅಂತ ಮಾಡಿದ ಫ್ರೇಮಿಗೆ ಉದ್ದದ ಫೋರ್ಕ್ ಹಾಕಿದ್ರೆ ಮುಂಭಾಗ ಮೇಲೆದ್ದು ಹ್ಯಾಂಡ್ಲಿಂಗ್ ಕೆಡತ್ತೆ, ಹೆಡ್ ಟ್ಯೂಬ್ ಜಾಯಿಂಟಿಗೂ ಹೊಡೆತ ಜಾಸ್ತಿ. ಅದರ ಬದಲು ಜಾಗ ಇರೋವಷ್ಟು ದಪ್ಪ ಟೈರ್ ಹಾಕಿ ಗಾಳಿ ಸ್ವಲ್ಪ ಕಡಿಮೆ ಮಾಡಿ. ಸ್ಟೆಮ್ (ಹ್ಯಾಂಡಲ್ ಹಿಡಿದಿರೋ ಭಾಗ) ಎತ್ತರಿಸೋವಾಗ ಅದರ ಮೇಲಿನ ಮಿನಿಮಮ್ ಗೆರೆ ಹೊರಗೆ ಕಾಣ್ಬಾರ್ದು.

ಎಲ್ಲಾ ಜೋಡಿಸಿದ ಮೇಲೆ ಮೊದಲನೇ ರೈಡ್ ಹತ್ರದಲ್ಲೇ ಮಾಡಿ, ಬಂದು ಕ್ರ್ಯಾಂಕ್ ಬೋಲ್ಟ್ ಮತ್ತೆ ಚೆಕ್ ಮಾಡಿ. ಸಡಿಲ ಇದ್ದು ಹಾಗೇ ತುಳಿದ್ರೆ ಕ್ರ್ಯಾಂಕಿನ ಚೌಕದ ತೂತು ಸವೆದು ಹೋಗತ್ತೆ, ಆಮೇಲೆ ಎಷ್ಟು ಬಿಗಿ ಮಾಡಿದ್ರೂ ನಿಲ್ಲಲ್ಲ.